ಹೊಸ ಕಾರಿಗೆ ಹಳೆಯ ಎಂಜಿನ್: ಸ್ಪ್ಯಾನರ್ ಹಿಡಿಯುವ ಮೊದಲು ಮುಗಿಸಬೇಕಾದ ಕಾನೂನಿನ ಕೆಲಸ

ಎಂಜಿನ್ ಬದಲಿಸಿದ ಮೇಲೆ ಆರ್‌ಸಿ ತಿದ್ದಿಸಲು ಹೋದವರಲ್ಲಿ ಬಹಳ ಮಂದಿ ಬರಿಗೈಯಲ್ಲಿ ಹಿಂದಿರುಗುವುದಕ್ಕೆ ಮುಖ್ಯ ಕಾರಣವೆಂದರೆ, ಅವರು ಕೆಲಸವನ್ನು ಹಿಂದುಮುಂದಾಗಿ ಮಾಡಿರುತ್ತಾರೆ. ಮೊದಲು ಗುಜರಿಯಲ್ಲಿ ಎಂಜಿನ್ ಕೊಳ್ಳುತ್ತಾರೆ, ಆಮೇಲೆ ಗ್ಯಾರೇಜಿನಲ್ಲಿ ಕೂರಿಸುತ್ತಾರೆ, ಕಾರು ಓಡಾಡತೊಡಗಿ ಕೆಲವು ತಿಂಗಳಾದ ಮೇಲೆ, ಅದೂ ಮಾರುವ ಹೊತ್ತು ಬಂದಾಗ, ಆರ್‌ಟಿಒ ಕಚೇರಿಯ ಮೆಟ್ಟಿಲು ಹತ್ತುತ್ತಾರೆ. ಅಷ್ಟರಲ್ಲಿ ಎಂಜಿನ್ ಮಾರಿದವನ ಬಳಿ ಬಿಲ್ ಇರುವುದಿಲ್ಲ, ಹಳೆಯ ಬ್ಲಾಕ್ (ಸಂಖ್ಯೆ ಕೊರೆದಿರುವ, ಎಂಜಿನ್ನಿನ ಮುಖ್ಯ ಒಡಲು) ಕರಗಿ ಹೋಗಿರುತ್ತದೆ.

ಕೆಳಗಿನ ಹಂತಗಳು ಕರ್ನಾಟಕದಲ್ಲಿ ನೋಂದಣಿಯಾದ ಖಾಸಗಿ ಕಾರುಗಳಿಗಾಗಿ ಬರೆದವು. ಮೋಟಾರು ವಾಹನ ಕಾಯ್ದೆ ಕೇಂದ್ರದ್ದಾದ್ದರಿಂದ ಕಾನೂನಿನ ತಿರುಳು ಬೇರೆ ರಾಜ್ಯಗಳಲ್ಲೂ ಇದೇ. ಅರ್ಜಿ ಸಲ್ಲಿಸುವ ರೀತಿಯಲ್ಲಿ ಮಾತ್ರ ವ್ಯತ್ಯಾಸ ಇರಬಹುದು.

ಕೈಯಲ್ಲಿ ಇರಬೇಕಾದವು

ಆರ್‌ಸಿ, ಚಾಲ್ತಿಯಲ್ಲಿರುವ ವಿಮೆ, ಹೊಗೆ ತಪಾಸಣಾ ಪ್ರಮಾಣಪತ್ರ, ಕಾರಿನ ಮೇಲೆ ಸಾಲವಿದ್ದರೆ ಅದರ ಕಾಗದಗಳು. ಇವುಗಳ ಜೊತೆಗೆ ಒಂದು ಒಳ್ಳೆಯ ಟಾರ್ಚ್, ತಂತಿ ಬ್ರಷ್, ಪೆನ್ಸಿಲ್ ಮತ್ತು ತೆಳು ಕಾಗದ. ಎಂಜಿನ್ ಸಂಖ್ಯೆಯ ಪೆನ್ಸಿಲ್ ಪ್ರಿಂಟ್ (ಕೊರೆದ ಸಂಖ್ಯೆಯ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು) ತೆಗೆಯಲು ಬರದಿದ್ದರೆ ಗ್ಯಾರೇಜಿನ ಹುಡುಗನಿಂದ ಈಗಲೇ ಕಲಿತುಕೊಳ್ಳಿ, ಏಕೆಂದರೆ ಇಡೀ ವ್ಯವಹಾರ ನಿಂತಿರುವುದೇ ಆ ಸಂಖ್ಯೆಯ ಮೇಲೆ.

ಹಂತ 1: ನಿಮ್ಮ ಬದಲಾವಣೆ ಯಾವ ಬಗೆಯದು ಎಂದು ತೀರ್ಮಾನಿಸಿ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುವುದಿಷ್ಟು: ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವ ಹಾಗೆ ಮಾಲೀಕನು ವಾಹನವನ್ನು ಮಾರ್ಪಡಿಸುವಂತಿಲ್ಲ. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಯಂಥ ಬೇರೆ ಇಂಧನಕ್ಕೆ ಅನುಮೋದಿತ ಕಿಟ್ ಮೂಲಕ ಬದಲಾಗುವವರಿಗೆ ಷರತ್ತುಬದ್ಧ ದಾರಿ ಇದೆ. 2019ರ ಜನವರಿ 9ರಂದು ನ್ಯಾಯಮೂರ್ತಿಗಳಾದ ಅರುಣ್ ಮಿಶ್ರಾ ಮತ್ತು ವಿನೀತ್ ಸರನ್ ಅವರ ಸುಪ್ರೀಂ ಕೋರ್ಟ್ ಪೀಠ, ಕೇರಳದಿಂದ ಬಂದ ಪ್ರಕರಣದಲ್ಲಿ, ಈ ಕಲಮನ್ನು ಕಟ್ಟುನಿಟ್ಟಾಗಿಯೇ ಓದಬೇಕು ಎಂದು ತೀರ್ಪು ಕೊಟ್ಟಿತು. ಆ ತೀರ್ಪಿಗಿಂತ ಹಿಂದಿನ ಅನುಭವವನ್ನು ಹಿಡಿದುಕೊಂಡು ‘ನಾವು ಎಷ್ಟೋ ಗಾಡಿಗೆ ಮಾಡಿಕೊಟ್ಟಿದ್ದೇವೆ’ ಎನ್ನುವ ಮೆಕ್ಯಾನಿಕ್ ಸುಳ್ಳು ಹೇಳುತ್ತಿರಲಿಕ್ಕಿಲ್ಲ, ಆದರೆ ಅವನ ಮಾತು ಇಂದಿನ ನಿಮ್ಮ ಅರ್ಜಿಗೆ ಆಧಾರವಾಗುವುದಿಲ್ಲ.

ಕಾನೂನು ಇಲ್ಲಿ ಎಂಜಿನ್ನಿನ ವಯಸ್ಸನ್ನು ಕೇಳುತ್ತಿಲ್ಲ ಎಂಬುದನ್ನು ಗಮನಿಸಿ. ಅದು ಕೇಳುತ್ತಿರುವುದು, ಈ ಮಾದರಿಯ ಕಾರಿಗೆ ತಯಾರಕರು ಕೊಟ್ಟಿದ್ದ ಬಗೆಯ ಎಂಜಿನ್ನೇ ಇದೆಯೇ ಎಂದು. ಆದ್ದರಿಂದ ‘ಹಳೆಯ ಎಂಜಿನ್’ ಎಂಬ ಒಂದೇ ಮಾತಿನಡಿ ಮೂರು ಬೇರೆ ಬೇರೆ ಸಂಗತಿಗಳಿವೆ. ಅದೇ ತಯಾರಕರ, ಅದೇ ಬಗೆಯ, ಅದೇ ಹೊರಸೂಸುವಿಕೆ ಹಂತದ ಎಂಜಿನ್ ನಿಮ್ಮ ಕಾರಿಗಿಂತ ಒಂದೆರಡು ವರ್ಷ ಮೊದಲು ತಯಾರಾಗಿದ್ದರೆ ಅದು ಎಂಜಿನ್ ಸಂಖ್ಯೆಯ ಬದಲಾವಣೆ ಮಾತ್ರ. ಪೂರ್ವಾನುಮತಿ ಪಡೆದು ಮಾಡಬಹುದಾದ ಕೆಲಸ. ಅದೇ ತಯಾರಕರದ್ದಾದರೂ ಹಿಂದಿನ ತಲೆಮಾರಿನ ಎಂಜಿನ್ ಆಗಿದ್ದರೆ ಆರ್‌ಸಿಯ ಹಲವು ವಿವರಗಳು ಒಟ್ಟಿಗೇ ಸುಳ್ಳಾಗುತ್ತವೆ. ಬೇರೆ ತಯಾರಕರ ಎಂಜಿನ್ ವಿಷಯದಲ್ಲಿ ಚರ್ಚೆಯೇ ಬೇಡ, ಅದಕ್ಕೆ ಅವಕಾಶವಿಲ್ಲ.

ಸಾಮಾನ್ಯ ತಪ್ಪೊಂದನ್ನು ಇಲ್ಲಿಯೇ ಹೇಳಿಬಿಡಬೇಕು. ‘ಸ್ವಿಫ್ಟ್‌ಗೆ ಸ್ವಿಫ್ಟ್ ಎಂಜಿನ್ ತಾನೆ’ ಎಂದು ಕೊಳ್ಳುವವರಿದ್ದಾರೆ. 2021ರ ಆರಂಭದವರೆಗೆ ಬಂದ ಪೆಟ್ರೋಲ್ ಸ್ವಿಫ್ಟ್‌ನಲ್ಲಿ ಇದ್ದದ್ದು ಕೆ12ಎಂ ಎಂಜಿನ್. ಆಮೇಲೆ ಬಂದದ್ದು ಕೆ12ಎನ್. ಎರಡೂ 1197 ಸಿಸಿ, ಎರಡೂ ಬಿಎಸ್-6 (ಭಾರತ್ ಸ್ಟೇಜ್ ಎಂಬ ಹೊರಸೂಸುವಿಕೆ ಮಾನದಂಡದ ಆರನೇ ಹಂತ) ಆಗಿ ಮಾರಾಟವಾದವು, ಹೊರಗಿನಿಂದ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಆದರೆ ಎರಡನೆಯದರಲ್ಲಿ ಪ್ರತಿ ಸಿಲಿಂಡರಿಗೆ ಎರಡು ಇಂಜೆಕ್ಟರ್, ಶಕ್ತಿಯೂ ಬೇರೆ. ಬಗೆ ಬೇರೆಯಾದರೆ ಕಾನೂನಿನ ಕಣ್ಣಿಗೆ ಎಂಜಿನ್ ಬೇರೆ. ಹಲವು ತಯಾರಕರ ಎಂಜಿನ್ ಸಂಖ್ಯೆಯ ಮೊದಲ ಅಕ್ಷರಗಳೇ ಬಗೆಯನ್ನು ಹೇಳುತ್ತವೆ, ಆದ್ದರಿಂದ ನಿಮ್ಮ ಆರ್‌ಸಿಯಲ್ಲಿರುವ ಸಂಖ್ಯೆಯನ್ನೂ ಕೊಳ್ಳಲಿರುವ ಎಂಜಿನ್ನಿನ ಸಂಖ್ಯೆಯನ್ನೂ ಅಕ್ಕಪಕ್ಕ ಬರೆದು ನೋಡಿ. ಆರಂಭದ ಅಕ್ಷರಗಳು ಹೊಂದದಿದ್ದರೆ ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸದೆ ಮುಂದಡಿ ಇಡಬೇಡಿ.

ಹಂತ 2: ಬಿಎಸ್ ಹಂತವನ್ನು ಹೊಂದಿಸಿ ನೋಡಿ

ಹೆಚ್ಚಿನ ಯೋಜನೆಗಳು ಮುರಿದು ಬೀಳುವುದು ಈ ಹಂತದಲ್ಲಿ. ಬಿಎಸ್-4 ದೇಶದಾದ್ಯಂತ ಜಾರಿಯಾದದ್ದು 2017ರ ಏಪ್ರಿಲ್ 1ರಂದು (ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ 2010ರಲ್ಲೇ). ಬಿಎಸ್-6 ಬಂದದ್ದು 2020ರ ಏಪ್ರಿಲ್ 1ರಂದು. ಆ ದಿನದ ನಂತರ ಬಿಎಸ್-4 ವಾಹನಗಳ ಮಾರಾಟ, ನೋಂದಣಿ ಕೂಡದೆಂದು 2018ರ ಅಕ್ಟೋಬರ್ 24ರಂದೇ ಸುಪ್ರೀಂ ಕೋರ್ಟ್ ಆದೇಶಿಸಿತ್ತು. ಈಗಿನ ಆರ್‌ಸಿ ದಾಖಲೆಯಲ್ಲಿ ಬಿಎಸ್ ಹಂತವೂ ನಮೂದಾಗಿರುತ್ತದೆ. ಬಿಎಸ್-6 ಕಾರಿಗೆ ಬಿಎಸ್-4 ಎಂಜಿನ್ ಕೂರಿಸಿದರೆ, ನೋಂದಣಿಯೇ ನಿಂತುಹೋದ ಹಂತಕ್ಕೆ ನಿಮ್ಮ ಕಾರನ್ನು ಕೈಯಾರೆ ಇಳಿಸಿದಂತಾಗುತ್ತದೆ, ಮತ್ತು ಆ ಜೋಡಣೆಗೆ ಯಾವ ಪರೀಕ್ಷಾ ಸಂಸ್ಥೆಯ ಅನುಮೋದನೆಯೂ ಇರುವುದಿಲ್ಲ. ಪ್ರತಿ ಮಾದರಿಯ ಕಾರೂ ತನ್ನ ಎಂಜಿನ್ನಿನೊಂದಿಗೆ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆಗೊಳಗಾಗಿಯೇ ಮಾರುಕಟ್ಟೆಗೆ ಬಂದಿರುತ್ತದೆ. ಗ್ಯಾರೇಜಿನಲ್ಲಿ ಹುಟ್ಟಿದ ಜೋಡಣೆಗೆ ಆ ಹಿನ್ನೆಲೆ ಇಲ್ಲ.

ಹೆಚ್ಚಾಗಿ ಕೇಳಿಬರುವ ಆಸೆ ಡೀಸೆಲ್‌ನದು. ಮಾರುತಿ ಸುಜುಕಿ 2020ರಲ್ಲಿ ಡೀಸೆಲ್ ಕಾರುಗಳನ್ನು ನಿಲ್ಲಿಸಿದ ಮೇಲೆ, ಹೊಸ ಪೆಟ್ರೋಲ್ ಸ್ವಿಫ್ಟ್‌ಗೆ ಹಳೆಯ 1248 ಸಿಸಿ ಡೀಸೆಲ್ ಎಂಜಿನ್ ಹಾಕಿಸಬಹುದೇ ಎಂಬ ಪ್ರಶ್ನೆ ಹುಟ್ಟಿಕೊಂಡಿದೆ. ಉತ್ತರ: ಹಾಕಿಸಲಾಗದು. ಇಂಧನ ಬದಲಾಗುತ್ತದೆ, ಸಿಸಿ ಬದಲಾಗುತ್ತದೆ, ಬಿಎಸ್ ಹಂತ ಇಳಿಯುತ್ತದೆ, ಎಂಜಿನ್ ಬಗೆ ಬದಲಾಗುತ್ತದೆ. ಇದರಲ್ಲಿ ಒಂದೇ ಬದಲಾದರೂ 52ನೇ ಕಲಂ ಅಡ್ಡ ಬರುತ್ತದೆ.

ಹೊಗೆ ತಪಾಸಣೆಯಲ್ಲಿ ಪಾಸಾದರೆ ಸಾಕು ಎಂಬ ನಂಬಿಕೆಯೂ ಬೇಡ. ಆ ತಪಾಸಣೆ ನಿಮ್ಮ ಎಂಜಿನ್ ಕಾನೂನುಬದ್ಧವೇ ಎಂದು ನೋಡುವುದಿಲ್ಲ. ಅದರ ಮೇಲೆ, ಮಿತಿಗಳು ವಾಹನದ ದಾಖಲೆಯ ಹಂತಕ್ಕೆ ತಕ್ಕಂತೆ ಇರುತ್ತವೆ: ಡೀಸೆಲ್ ಹೊಗೆಯ ಮಿತಿ ಬಿಎಸ್-4 ವಾಹನಕ್ಕೆ ಮೀಟರಿಗೆ 1.62 (ಹೊಗೆ ಬೆಳಕನ್ನು ತಡೆಯುವ ಅಳತೆ) ಆದರೆ ಬಿಎಸ್-6ಕ್ಕೆ 0.7. ಆರ್‌ಸಿಯಲ್ಲಿ ಬಿಎಸ್-6 ಎಂದಿರುವ ಕಾರಿನೊಳಗೆ ಹಳೆಯ ಡೀಸೆಲ್ ಎಂಜಿನ್ ಇದ್ದರೆ ಅದರ ಹೊಗೆ ಅರ್ಧಕ್ಕೂ ಕಡಿಮೆಯಾದ ಈ ಮಿತಿಯೊಳಗೆ ಇರಬೇಕು.

ಇನ್ನೂ ಒಂದು ಸೂಕ್ಷ್ಮವಿದೆ. 2023ರ ಏಪ್ರಿಲ್‌ನಿಂದ ಬಿಎಸ್-6ರ ಎರಡನೇ ಹಂತ ಜಾರಿಯಲ್ಲಿದೆ. ನಿಮ್ಮ ಕಾರು ಆ ನಂತರದ್ದಾಗಿ, ಎಂಜಿನ್ 2021ರದ್ದಾಗಿದ್ದರೆ, ಹೆಸರಿಗೆ ಎರಡೂ ಬಿಎಸ್-6 ಆದರೂ ಸೆನ್ಸರ್‌ಗಳು ಮತ್ತು ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಬೇರೆ ಇರುವ ಸಾಧ್ಯತೆ ಇದೆ. ಬಿಡಿಭಾಗದ ಸಂಖ್ಯೆಯನ್ನು ಹೋಲಿಸಿಯೇ ಮುಂದುವರಿಯಿರಿ.

ಹಂತ 3: ನಿಮ್ಮದೇ ಬ್ಲಾಕ್ ಉಳಿಯುತ್ತದೆಯೇ ಪರೀಕ್ಷಿಸಿ

ಎಂಜಿನ್ ಸಂಖ್ಯೆ ಕೊರೆದಿರುವುದು ಬ್ಲಾಕಿನ ಮೇಲೆ. ಹೆಡ್, ಪಿಸ್ಟನ್, ಕ್ರ್ಯಾಂಕ್, ಕನೆಕ್ಟಿಂಗ್ ರಾಡ್ ಬದಲಿಸಿ, ಬೋರ್ ಮಾಡಿಸಿ ಅದೇ ಬ್ಲಾಕನ್ನು ಉಳಿಸಿಕೊಂಡರೆ ಸಂಖ್ಯೆ ಬದಲಾಗುವುದಿಲ್ಲ, ಆರ್‌ಸಿ ಮುಟ್ಟುವ ಅಗತ್ಯವೂ ಬರುವುದಿಲ್ಲ. ಮಳೆಗಾಲದಲ್ಲಿ ಅಂಡರ್‌ಪಾಸಿನ ನೀರು ಹೊಕ್ಕು ರಾಡ್ ಬಾಗಿದ ಎಂಜಿನ್ನುಗಳಲ್ಲಿ ಬ್ಲಾಕ್ ಚೆನ್ನಾಗಿಯೇ ಉಳಿದಿರುವುದುಂಟು. ಅದೇ ಬಗೆಯ ಹಳೆಯ ಎಂಜಿನ್ ಸಿಕ್ಕಿದ್ದರೆ ಅದನ್ನು ಇಡಿಯಾಗಿ ಕೂರಿಸುವುದಕ್ಕಿಂತ, ಅದರ ಒಳಭಾಗಗಳನ್ನು ನಿಮ್ಮ ಬ್ಲಾಕಿಗೆ ತರುವುದು ಕಾಗದದ ಮಟ್ಟಿಗೆ ಎಷ್ಟೋ ಹಗುರ. ಗ್ಯಾರೇಜಿನವರು ಇದನ್ನು ತಾವಾಗಿ ಹೇಳುವುದು ಕಡಿಮೆ, ಏಕೆಂದರೆ ಇಡೀ ಎಂಜಿನ್ ಬದಲಿಸುವುದು ಎರಡು ದಿನದ ಕೆಲಸ, ಬಿಚ್ಚಿ ಕಟ್ಟುವುದು ಎರಡು ವಾರದ್ದು. ಬ್ಲಾಕ್ ಒಡೆದಿದೆ ಎಂದರೆ ‘ತೋರಿಸಿ’ ಎನ್ನಿ. ಸೀಳು ಎಲ್ಲಿದೆ ಎಂದು ಕಣ್ಣಾರೆ ನೋಡಿ ಫೋಟೋ ತೆಗೆದಿಟ್ಟುಕೊಳ್ಳಿ. ಅನುಮತಿ ಕೇಳುವಾಗ ಅದೇ ನಿಮ್ಮ ಕಾರಣವಾಗುತ್ತದೆ.

ಹಂತ 4: ಎಂಜಿನ್ನಿನ ಹುಟ್ಟು ಪತ್ತೆ ಮಾಡಿ, ಮುಂಗಡಕ್ಕಿಂತ ಹೆಚ್ಚು ಕೊಡಬೇಡಿ

ಅರ್ಜಿ ಹಾಕುವ ಮೊದಲು ಯಾವ ಎಂಜಿನ್ ಎಂಬುದು ಗೊತ್ತಿರಬೇಕು, ಅನುಮತಿಗೆ ಮೊದಲು ಪೂರ್ತಿ ಹಣ ಕೊಡಬಾರದು. ಈ ಇಕ್ಕಟ್ಟಿಗೆ ಇರುವ ದಾರಿಯೆಂದರೆ ಸಣ್ಣ ಮುಂಗಡ ಕೊಟ್ಟು, ಸಂಖ್ಯೆಯ ಪೆನ್ಸಿಲ್ ಪ್ರಿಂಟ್ ಮತ್ತು ಕಾಗದಗಳ ನಕಲು ತೆಗೆದುಕೊಂಡು, ‘ಆರ್‌ಟಿಒ ಒಪ್ಪದಿದ್ದರೆ ಹಣ ವಾಪಸ್’ ಎಂದು ರಸೀದಿಯಲ್ಲಿ ಬರೆಸಿಕೊಳ್ಳುವುದು. ಬರೆದುಕೊಡಲು ಹಿಂಜರಿಯುವ ಅಂಗಡಿಯಿಂದ ಅಲ್ಲಿಯೇ ಎದ್ದು ಬನ್ನಿ.

ಕಾಗದಗಳೆಂದರೆ, ಆ ಎಂಜಿನ್ ಯಾವ ಕಾರಿನದೋ ಆ ಕಾರಿನ ಆರ್‌ಸಿ ನಕಲು, ನೋಂದಣಿ ರದ್ದಾದ ದಾಖಲೆ, ಎಂಜಿನ್ ಸಂಖ್ಯೆ ನಮೂದಿಸಿದ ಜಿಎಸ್‌ಟಿ ಬಿಲ್. ಕಾರು ಬಳಕೆಗೆ ಬಾರದಷ್ಟು ಹಾಳಾದರೆ ಮಾಲೀಕ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಅದೇ ಕಾಯ್ದೆಯ 55ನೇ ಕಲಂ ಹೇಳುತ್ತದೆ. ವಾಹನ ಗುಜರಿ ಕೇಂದ್ರಗಳ ಕುರಿತ 2021ರ ನಿಯಮಗಳ ಪ್ರಕಾರ ನೋಂದಾಯಿತ ಗುಜರಿ ಕೇಂದ್ರಗಳು ವಾಹನ ಒಡೆದದ್ದಕ್ಕೆ ಪ್ರಮಾಣಪತ್ರವನ್ನೂ ಕೊಡುತ್ತವೆ. ಹಾಗಾಗಿ ‘ಗುಜರಿ ಮಾಲಿಗೆ ಎಲ್ಲಿಯ ಕಾಗದ ಸಾರ್’ ಎಂಬ ಮಾತನ್ನು ಒಪ್ಪಬೇಕಿಲ್ಲ.

ಕದ್ದ ವಾಹನಗಳ ಮಾಹಿತಿಯನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ‘ವಾಹನ್ ಸಮನ್ವಯ’ ವ್ಯವಸ್ಥೆಯಲ್ಲಿ ಎಂಜಿನ್ ಸಂಖ್ಯೆಯಿಂದಲೂ ಹುಡುಕಬಹುದು. ಹುಡುಕಿದ ಫಲಿತಾಂಶವನ್ನು ಮುದ್ರಿಸಿ ಕಡತಕ್ಕೆ ಸೇರಿಸಿ. ಕದ್ದದ್ದೆಂದು ಗೊತ್ತಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸವಾಗಬಹುದು, ಮತ್ತು ಗೊತ್ತಿರಲಿಲ್ಲ ಎಂದು ತೋರಿಸಲು ನಿಮ್ಮ ಕೈಯಲ್ಲಿ ಇರುವುದು ಈ ಮುದ್ರಿತ ಹಾಳೆ ಮತ್ತು ಆ ಬಿಲ್ ಮಾತ್ರ.

ಎಚ್ಚರಿಕೆಯ ಗುರುತುಗಳು: ಸಂಖ್ಯೆಯ ಜಾಗದಲ್ಲಿ ಮಾತ್ರ ಹೊಸದಾಗಿ ಉಜ್ಜಿದ ಹೊಳಪು, ಅಕ್ಷರಗಳ ಸಾಲು ವಾರೆಯಾಗಿರುವುದು, ಆಳದಲ್ಲಿ ಏರುಪೇರು, ಸುತ್ತ ಗ್ರೀಸ್ ಕಟ್ಟಿದ್ದರೂ ಸಂಖ್ಯೆಯ ಮೇಲೆ ತಾಜಾ ಬಣ್ಣ. ‘ನಿಮ್ಮ ಹಳೆಯ ನಂಬರನ್ನೇ ಇದರ ಮೇಲೆ ಹೊಡೆದುಕೊಡುತ್ತೇವೆ’ ಎಂದು ಯಾರಾದರೂ ಹೇಳಿದರೆ ಅದು ಸೌಲಭ್ಯವಲ್ಲ, ಅಪರಾಧಕ್ಕೆ ಆಹ್ವಾನ.

ಹಂತ 5: ಬ್ಯಾಂಕು ಮತ್ತು ವಿಮಾ ಕಂಪನಿಗೆ ಬರೆಯಿರಿ

ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆ ಬೇಕು. ವಿಮಾ ಕಂಪನಿಗೂ ಈಗಲೇ ಒಂದು ಪತ್ರ ಅಥವಾ ಇಮೇಲ್ ಕಳುಹಿಸಿ, ಪಾಲಿಸಿಯಲ್ಲಿ ಎಂಜಿನ್ ಸಂಖ್ಯೆ ತಿದ್ದಲು ಅವರು ಕೇಳುವ ದಾಖಲೆಗಳೇನು ಎಂದು ತಿಳಿದುಕೊಳ್ಳಿ.

ಹಂತ 6: ಪೂರ್ವಾನುಮತಿಗೆ ಅರ್ಜಿ ಸಲ್ಲಿಸಿ

ಸಾರಿಗೆ ಇಲಾಖೆಯ ಸೇವೆಗಳಿಗಾಗಿ ಇರುವ ಕೇಂದ್ರ ಸರ್ಕಾರದ ಪರಿವಾಹನ್ ಜಾಲತಾಣದ ವಾಹನ ಸೇವೆಗಳಲ್ಲಿ ವಾಹನ ಬದಲಾವಣೆಯ ಅರ್ಜಿ ಇದೆ. ಆದರೂ ನಿಮ್ಮ ವ್ಯಾಪ್ತಿಯ ಆರ್‌ಟಿಒ ಕಚೇರಿಗೆ ಖುದ್ದಾಗಿ ಹೋಗಿ, ಒಂದು ಪುಟದ ಕೋರಿಕೆ ಪತ್ರವನ್ನು ಕೊಟ್ಟು ಸ್ವೀಕೃತಿ ಪಡೆಯುವುದು ಒಳ್ಳೆಯದು. ಪತ್ರದಲ್ಲಿ ಈಗಿನ ಎಂಜಿನ್ ಸಂಖ್ಯೆ, ಅದು ಹಾಳಾದ ಕಾರಣ, ಹಾಕಲಿರುವ ಎಂಜಿನ್ನಿನ ಸಂಖ್ಯೆ, ಬಗೆ, ಸಿಸಿ, ಇಂಧನ, ಬಿಎಸ್ ಹಂತ ಇವಿಷ್ಟೂ ಇರಲಿ. ಎರಡೂ ಎಂಜಿನ್ನುಗಳು ಒಂದೇ ಬಗೆಯವು ಎಂದು ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಿಂದ ಪತ್ರ ಸಿಕ್ಕರೆ ಅದಕ್ಕಿಂತ ಬಲವಾದ ಲಗತ್ತು ಇನ್ನೊಂದಿಲ್ಲ.

ಏಜೆಂಟರ ಕೈಗೆ ಇದನ್ನು ಬಿಡುವವರು ಮಾಡುವ ತಪ್ಪೆಂದರೆ, ‘ಪರ್ಮಿಷನ್ ಆಗಿದೆ’ ಎಂಬ ಫೋನ್ ಕರೆಯನ್ನೇ ಅನುಮತಿ ಎಂದು ತಿಳಿಯುವುದು. ಕಾಗದ ಅಥವಾ ತಾಣದಲ್ಲಿನ ಅರ್ಜಿಯ ಸ್ಥಿತಿ ನಿಮ್ಮ ಕಣ್ಣಿಗೆ ಕಾಣುವವರೆಗೆ ಎಂಜಿನ್ ಇಳಿಸಲು ಹೇಳಬೇಡಿ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ಕೇಳಿ.

ಹಂತ 7: ಕೂರಿಸುವಾಗ ಏನನ್ನೂ ಕಳಚಿ ಬಿಡಬೇಡಿ

ಅನುಮತಿ ಸಿಕ್ಕಿದ್ದು ಎಂಜಿನ್ನಿಗೆ; ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್, ಪೆಟ್ರೋಲ್ ಆವಿ ಹಿಡಿಯುವ ಕ್ಯಾನಿಸ್ಟರ್, ಡೀಸೆಲ್ ಆದರೆ ಹೊಗೆಕಣದ ಫಿಲ್ಟರ್, ಇವುಗಳನ್ನು ತೆಗೆದುಹಾಕಲು ಅಲ್ಲ. ಎಲ್ಲವೂ ನಿಮ್ಮ ಕಾರಿಗೆ ಮೂಲದಲ್ಲಿದ್ದಂತೆಯೇ ಮರಳಿ ಕೂರಬೇಕು. ಡ್ಯಾಶ್‌ಬೋರ್ಡಿನ ಚೆಕ್ ಎಂಜಿನ್ ದೀಪ ಆರದೆ ಉಳಿದರೆ ಅದರ ಬಲ್ಬನ್ನೋ ವೈರನ್ನೋ ಕಿತ್ತು ‘ಸರಿ’ ಮಾಡುವ ಪದ್ಧತಿ ಕೆಲವೆಡೆ ಇದೆ. ಸ್ಕ್ಯಾನರ್ ಹಾಕಿಸಿ, ದೋಷದ ಕೋಡ್‌ಗಳಿಲ್ಲದ ವರದಿ ಪಡೆದ ನಂತರವೇ ಬಾಕಿ ಹಣ ಕೊಡಿ.

ಗ್ಯಾರೇಜಿನ ಬಿಲ್ಲಿನಲ್ಲಿ ಇಳಿಸಿದ ಸಂಖ್ಯೆ, ಏರಿಸಿದ ಸಂಖ್ಯೆ, ದಿನಾಂಕ ಮೂರೂ ಇರಲಿ. ದಿನಾಂಕ ಏಕೆ ಮುಖ್ಯವೆಂಬುದು ಕೊನೆಯ ಭಾಗದಲ್ಲಿ ಸ್ಪಷ್ಟವಾಗುತ್ತದೆ.

ಹಂತ 8: ತಪಾಸಣೆಗೆ ಒಯ್ಯಿರಿ

ಹೊಸದಾಗಿ ಹೊಗೆ ತಪಾಸಣೆ ಮಾಡಿಸಿ, ಎಲ್ಲ ಮೂಲ ದಾಖಲೆಗಳೊಂದಿಗೆ ಕಾರನ್ನು ಮೋಟಾರು ವಾಹನ ನಿರೀಕ್ಷಕರ ಮುಂದೆ, ಅಂದರೆ ನಮ್ಮ ಆಡುಮಾತಿನ ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ, ನಿಲ್ಲಿಸಬೇಕು. ಅವರು ನೋಡುವುದು ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಮತ್ತು ಅರ್ಜಿಯಲ್ಲಿ ಹೇಳಿದ್ದಕ್ಕೂ ಬಾನೆಟ್ ಕೆಳಗೆ ಇರುವುದಕ್ಕೂ ಇರುವ ಹೊಂದಾಣಿಕೆ. ಸಂಖ್ಯೆಯ ಜಾಗವನ್ನು ಹಿಂದಿನ ದಿನವೇ ಬಟ್ಟೆಯಿಂದ ಒರೆಸಿಡಿ. ಉಪ್ಪುಕಾಗದ ಹಾಕಿ ಉಜ್ಜಬೇಡಿ, ತಿದ್ದಿದ ಅನುಮಾನ ಹುಟ್ಟುತ್ತದೆ. ಆರ್‌ಸಿಯಲ್ಲಿ ಹೊಸ ಸಂಖ್ಯೆ ದಾಖಲಾದ ಮೇಲೆ ಒಂದೊಂದು ಅಕ್ಷರವನ್ನೂ ಓದಿ ನೋಡಿ. ಸೊನ್ನೆಯ ಬದಲು ಇಂಗ್ಲಿಷ್ ‘ಓ’ ಬಿದ್ದ ಆರ್‌ಸಿಯನ್ನು ತಿದ್ದಿಸಲು ಮತ್ತೆ ಅಷ್ಟೇ ಸುತ್ತು ತಿರುಗಬೇಕಾಗುತ್ತದೆ.

ಹಂತ 9: ವಿಮೆಯಲ್ಲಿ ತಿದ್ದುಪಡಿ

ತಿದ್ದಿದ ಆರ್‌ಸಿಯನ್ನು ಕಳುಹಿಸಿ ಪಾಲಿಸಿಯಲ್ಲಿ ಹೊಸ ಸಂಖ್ಯೆ ಸೇರಿಸಿಕೊಳ್ಳಿ. ಅಪಘಾತವಾದಾಗ ಸರ್ವೇಯರ್ ಪಾಲಿಸಿಯ ಎಂಜಿನ್ ಸಂಖ್ಯೆಯನ್ನು ವಾಹನದ ಸಂಖ್ಯೆಯೊಂದಿಗೆ ತಾಳೆ ನೋಡುತ್ತಾರೆ. ಎರಡೂ ಬೇರೆಯಾಗಿದ್ದರೆ ಕ್ಲೇಮು ಅಲ್ಲಿಗೇ ಸಿಕ್ಕಿಕೊಳ್ಳುತ್ತದೆ. ಖಾಸಗಿ ಕಾರುಗಳ ಥರ್ಡ್ ಪಾರ್ಟಿ ಪ್ರೀಮಿಯಂ 1000 ಸಿಸಿವರೆಗೆ, 1500 ಸಿಸಿವರೆಗೆ, ಅದಕ್ಕೂ ಮೇಲೆ ಎಂದು ಮೂರು ಮಟ್ಟದಲ್ಲಿ ಇರುವುದರಿಂದ, ಬಚ್ಚಿಟ್ಟ ದೊಡ್ಡ ಎಂಜಿನ್ ಕಡಿಮೆ ಪ್ರೀಮಿಯಂ ಕಟ್ಟಿದ ಆರೋಪವನ್ನೂ ಜೊತೆಗೆ ತರಬಹುದು.

ಅಮೆರಿಕದ ವಿಡಿಯೊಗಳನ್ನು ನೋಡಿ ಹೊರಟವರಿಗೆ

ಅಲ್ಲಿ ಎಂಜಿನ್ ಬದಲಾವಣೆ ಮನೆಮನೆಯ ಹವ್ಯಾಸದಂತೆ ಕಾಣುವುದರಿಂದ, ಕಾನೂನೇ ಇಲ್ಲವೆಂದು ಕೆಲವರು ತಿಳಿದಿದ್ದಾರೆ. ವಾಸ್ತವ ಬೇರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ನಿಲುವಿನಂತೆ, ಬದಲಾವಣೆಯ ನಂತರ ಕಾರು ತನ್ನ ಮಾದರಿ ವರ್ಷದ ಅಥವಾ ಅದಕ್ಕಿಂತ ಹೊಸ ವರ್ಷದ ಪ್ರಮಾಣಿತ ಜೋಡಣೆಗೆ ಸಮನಾಗಿರಬೇಕು. ಹಳೆಯ ಕಾರಿಗೆ ಹೊಸ ಎಂಜಿನ್ ಹಾಕಲು ದಾರಿ ಇದೆ, ಹೊಸ ಕಾರಿಗೆ ಹಳೆಯದನ್ನು ಹಾಕಲು ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಎಂಜಿನ್ನಿನ ಜೊತೆ ಅದರ ಹೊಗೆ ನಿಯಂತ್ರಣದ ಎಲ್ಲ ಭಾಗಗಳೂ ಬರಬೇಕು, ಮತ್ತು ಸ್ಮಾಗ್ (ಹೊಗೆ) ತಪಾಸಣೆಯ ರೆಫರಿ, ಅಂದರೆ ಅಧಿಕೃತ ಪರೀಕ್ಷಕ, ಪರೀಕ್ಷಿಸಿ ಕಾರಿಗೆ ಲೇಬಲ್ ಅಂಟಿಸಬೇಕು. ಅಲ್ಲಿ ನೆಲೆಸಿರುವ ಕನ್ನಡಿಗರು ಇಂಥ ಕಾರು ಕೊಳ್ಳುವಾಗ ಮೊದಲು ಹುಡುಕಬೇಕಾದದ್ದು ಆ ಲೇಬಲನ್ನು.

ಈಗಾಗಲೇ ಬದಲಿಸಿಬಿಟ್ಟಿದ್ದರೆ

ಅನುಮತಿಯಿಲ್ಲದೆ ಬದಲಾವಣೆ ಆಗಿದ್ದರೆ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಆರ್‌ಸಿ ಒಪ್ಪಿಸಬೇಕೆಂದು 52(3) ಹೇಳುತ್ತದೆ. ಗ್ಯಾರೇಜಿನ ಬಿಲ್ಲಿನ ದಿನಾಂಕ ಉಪಯೋಗಕ್ಕೆ ಬರುವುದು ಇಲ್ಲಿ. ಎಂಜಿನ್ ಅದೇ ಬಗೆಯದ್ದಾಗಿ ಕಾಗದಗಳೂ ಇದ್ದರೆ, ಗಡುವು ಮೀರಿದ್ದರೂ ತಾವಾಗಿ ಹೋಗಿ ಹೇಳುವುದೇ ಮೇಲು. ಅನುಮತಿಸದ ಮಾರ್ಪಾಡಿಗೆ 182ಎ(4)ರ ಪ್ರಕಾರ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಬಹಳ ಜನರಿಗೆ ಗೊತ್ತಿಲ್ಲದ್ದು 55(5)ನೇ ಕಲಂ: ವಾಹನದ ಮೇಲಿನ ಎಂಜಿನ್ ಸಂಖ್ಯೆ ಆರ್‌ಸಿಯಲ್ಲಿ ಇರುವುದಕ್ಕಿಂತ ಬೇರೆ ಎಂದು ಕಂಡುಬಂದರೆ, ಮಾಲೀಕನಿಗೆ ನೋಟಿಸು ಕೊಟ್ಟು ಅಹವಾಲು ಕೇಳಿದ ನಂತರ ಪ್ರಾಧಿಕಾರ ನೋಂದಣಿಯನ್ನೇ ರದ್ದು ಮಾಡಬೇಕಾಗುತ್ತದೆ. ದಂಡ ಕಟ್ಟಿ ಮುಗಿಸಬಹುದು. ನೋಂದಣಿ ಹೋದ ಕಾರನ್ನು ರಸ್ತೆಗೆ ಇಳಿಸಲಾಗದು.

ಎಂಜಿನ್ ಬೇರೆ ಬಗೆಯದ್ದಾಗಿದ್ದರೆ ಮೂಲ ಬಗೆಯ ಎಂಜಿನ್ನಿಗೆ ಮರಳುವುದೊಂದೇ ನನಗೆ ಕಾಣುವ ದಾರಿ. ಮುಚ್ಚಿಟ್ಟು ಮಾರಿದರೆ 15 ವರ್ಷದ ನಂತರ ನೋಂದಣಿ ನವೀಕರಿಸಲು ಹೋಗುವ ಕೊನೆಯ ಮಾಲೀಕನವರೆಗೂ ಆ ಸಮಸ್ಯೆ ಸಾಗುತ್ತದೆ, ಮತ್ತು ಅವನು ಹಿಂದಿನ ಹೆಸರುಗಳನ್ನು ಹುಡುಕಿಕೊಂಡು ಬರುತ್ತಾನೆ.

ಹಳೆಯ ಬ್ಲಾಕಿನ ವಿಷಯ ಉಳಿಯಿತು. ಆರ್‌ಸಿಯಲ್ಲಿ ಹೊಸ ಸಂಖ್ಯೆ ಏರುವವರೆಗೆ ಅದನ್ನು ಮನೆಯಲ್ಲಿಯೋ ಗ್ಯಾರೇಜಿನಲ್ಲಿಯೋ ಕಾದಿರಿಸಿ, ಏಕೆಂದರೆ ನಿರೀಕ್ಷಕರು ನೋಡಬೇಕೆಂದು ಹೇಳಬಹುದು. ಆಮೇಲೆ ಕೊಡುವಾಗಲೂ ಸಂಖ್ಯೆ ಬರೆದ ರಸೀದಿ ಪಡೆದೇ ಕೊಡಿ. ನಿಮ್ಮ ಹೆಸರಿನಲ್ಲಿದ್ದ ಆ ಬ್ಲಾಕ್ ನಾಳೆ ಯಾವ ಕಾರಿನೊಳಗೆ ಕೂರುತ್ತದೆಂದು ಗೊತ್ತಿಲ್ಲದಿರುವಾಗ, ಕೊಟ್ಟ ದಿನಾಂಕವಾದರೂ ನಿಮ್ಮ ಕಡತದಲ್ಲಿ ಇರಲಿ.